ಕರೆಂಟು ಬಂದ ತಕ್ಷಣ ತಾನೇ ಎದ್ದೇಳೋ ಮನೆ ಸರ್ವರ್

ಹೋದ ವರ್ಷ ಮಳೆ ಬಿಟ್ಟ ಮೇಲೆ ಅಮ್ಮ ಬೀರು ಖಾಲಿ ಮಾಡಿ ಬಿಸಿಲಿಗೆ ಹಾಕ್ತಿದ್ದಾಗ ಒಂದು ಸಿಡಿ ಪೌಚ್ ಸಿಕ್ತು. ಒಳಗೆ ಹದಿನಾಲ್ಕು ಡಿಸ್ಕು, ಅಕ್ಕನ ಮದುವೆ, ಮಾವನ ಮದುವೆ, ಮನೆ ಒಕ್ಕಲು, ಜೊತೆಗೆ ನಮ್ಮೂರ ಸುಗ್ಗೀದು ಒಂದು, ಅದ್ರಲ್ಲಿ ಅಜ್ಜ ಕುಣೀತಾರೆ. ಅಜ್ಜ ತೀರ್ಕೊಂಡು ಹನ್ನೆರಡು ವರ್ಷ ಆಯ್ತು, ಅವ್ರು ಓಡಾಡೋದನ್ನ ನೋಡೋಕೆ ನಮ್ಮ ಹತ್ರ ಇರೋದು ಅದೊಂದೇ ಡಿಸ್ಕು, ಅದರ ಮೇಲೆಲ್ಲ ಬೂಷ್ಟು. ನಮ್ಮನೆ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ, ಪುಷ್ಪಗಿರಿ ಬೆಟ್ಟದ ಮಗ್ಗುಲು, ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿ, ಬೆಲ್ಟು, ಗೋಡೆ ಮೇಲಿನ ಫೋಟೋ ಯಾವುದನ್ನೂ ಬೂಷ್ಟು ಬಿಡಲ್ಲ, ಅಂಥದ್ರಲ್ಲಿ ಡಿಸ್ಕು ಇಷ್ಟು ವರ್ಷ ಉಳಿದಿದ್ದೇ ಹೆಚ್ಚು.

ಅವತ್ತೇ ತೀರ್ಮಾನ ಮಾಡ್ದೆ, ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅಪ್ಪ ಅಮ್ಮ ಟಿವಿ ರಿಮೋಟಲ್ಲೇ ಹಾಕ್ಕೊಂಡು ನೋಡೋ ಥರ ಮಾಡ್ಬೇಕು ಅಂತ. ನಾನಿರೋದು ಮೈಸೂರಲ್ಲಿ, ತಿಂಗಳಿಗೆ ಒಂದು ಸಲ ಊರಿಗೆ ಬಂದ್ರೆ ಹೆಚ್ಚು. ಅದಕ್ಕೆ ನನಗೆ ನಾನೇ ಹಾಕ್ಕೊಂಡ ಷರತ್ತು ಒಂದೇ, ನಾನಿಲ್ದಾಗ ಏನೇ ಆದ್ರೂ ಸರ್ವರ್, ಅಂದ್ರೆ ವಿಡಿಯೋ ಇಟ್ಕೊಂಡು ಟಿವಿಗೆ ಕಳ್ಸೋ ಕಂಪ್ಯೂಟರು, ತಾನಾಗೇ ಎದ್ದು ಕೂರ್ಬೇಕು, ಅಮ್ಮ ಫೋನ್ ಮಾಡಿ ಏನ್ ಮಾಡ್ಲಿ ಅಂತ ಕೇಳೋ ಹಾಗೆ ಆಗ್ಬಾರ್ದು. ಇದು ಸುಲಭ ಅನ್ಕೊಂಡಿದ್ದೆ, ಸಾಫ್ಟ್‌ವೇರ್ ಹಾಕೋಕೆ ಒಂದು ಮಧ್ಯಾಹ್ನ ಸಾಕಾಯ್ತು, ಈ ಷರತ್ತು ಪೂರೈಸೋಕೆ ಒಂದು ಇಡೀ ಮಳೆಗಾಲ ಹಿಡೀತು.

ಮೊದ್ಲು ಡಿಸ್ಕಿನ ವಿಷ್ಯ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಬೆರಳಲ್ಲೇ ಮೆತ್ತಗೆ ತೊಳೆದು, ಮೆತ್ತನೆ ಹತ್ತಿ ಬಟ್ಟೇಲಿ ನಡುವಿಂದ ಅಂಚಿಗೆ ನೇರ ಒರೆಸ್ಬೇಕು, ಸುತ್ತಾ ತಿರುಗಿಸಿ ಒರೆಸ್ಬೇಡಿ, ಡೇಟಾ ಇರೋದು ಸುತ್ತಾಗಿ ಆದ್ರಿಂದ ಸುತ್ತ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೂ ಓದೋಕಾಗದ ಹಾಗೆ ಮಾಡುತ್ತೆ, ಅಡ್ಡ ಬಿದ್ದ ಗೀರನ್ನ ಡ್ರೈವು ಹೆಂಗೋ ದಾಟ್ಕೊಂಡು ಹೋಗುತ್ತೆ. ಹದಿನಾಲ್ಕರಲ್ಲಿ ಒಂಬತ್ತು ವಿಸಿಡಿ, ಐದು ಡಿವಿಡಿ. ವಿಸಿಡಿನ ಲಿನಕ್ಸಲ್ಲಿ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮು) ಮಾಮೂಲಿ ಫೈಲ್ ಥರ ಕಾಪಿ ಮಾಡೋಕೆ ಹೋದ್ರೆ ಎರರ್ ಬರುತ್ತೆ, ನಾನು ಡಿಸ್ಕೇ ಹಾಳಾಗಿದೆ ಅಂತ ಒಂದು ದಿನ ಬೇಜಾರಲ್ಲಿದ್ದೆ. ಕಾರಣ ಬೇರೆ, ವಿಸಿಡೀಲಿ ವಿಡಿಯೋ ಇರೋ ಸಣ್ಣ ಸಣ್ಣ ತುಂಡುಗಳು, ಅಂದ್ರೆ ಸೆಕ್ಟರ್‌ಗಳು ಮಾಮೂಲಿ ಡೇಟಾ ಸೆಕ್ಟರ್ ಥರ ಇರಲ್ಲ, ತಪ್ಪು ತಿದ್ದೋಕೆ ಇಟ್ಟಿರೋ ಜಾಗಾನೂ ವಿಡಿಯೋಗೇ ಬಳಸಿರ್ತಾರೆ. ವಿಸಿಡಿಎಕ್ಸ್‌ರಿಪ್ ಅನ್ನೋ ಸಣ್ಣ ಟೂಲ್ ಇದೆ, ಅದು ಒಂಬತ್ತರಲ್ಲಿ ಎಂಟನ್ನ ನೀಟಾಗಿ ತೆಗೀತು. ಡಿವಿಡಿಗಳಿಗೆ ಡಿಡಿರೆಸ್ಕ್ಯೂ ಅನ್ನೋ ಟೂಲ್. ಇದರ ದೊಡ್ಡ ಗುಣ ಏನಂದ್ರೆ ಎಲ್ಲೆಲ್ಲಿ ಓದೋಕಾಗ್ಲಿಲ್ಲ ಅಂತ ಒಂದು ಮ್ಯಾಪ್ ಫೈಲಲ್ಲಿ ಬರ್ದಿಟ್ಕೊಳ್ಳುತ್ತೆ, ಅದೇ ಡಿಸ್ಕನ್ನ ಇನ್ನೊಂದು ಡ್ರೈವಿಗೆ ಹಾಕಿ ಅದೇ ಮ್ಯಾಪ್ ಕೊಟ್ರೆ ಬಿಟ್ಟುಹೋದ ಜಾಗ ಮಾತ್ರ ಮತ್ತೆ ಓದುತ್ತೆ. ನನ್ನ ಲ್ಯಾಪ್‌ಟಾಪ್ ಡ್ರೈವು ಓದದೇ ಬಿಟ್ಟಿದ್ದನ್ನ ಭಾವನ ಹಳೇ ಡೆಸ್ಕ್‌ಟಾಪಿನ ಡ್ರೈವು ಹೆಚ್ಚುಕಮ್ಮಿ ಪೂರ್ತಿ ಓದ್ತು. ಮನೆ ಒಕ್ಕಲಿನ ವಿಸಿಡಿ ಒಂದು ಮಾತ್ರ ಬರ್ಲೇ ಇಲ್ಲ, ಮೇಲಿನ ಪದರವೇ ಎದ್ದು ಬಂದಿತ್ತು.

ಅಜ್ಜನ ಸುಗ್ಗಿ ಡಿಸ್ಕು ಬಂತು, ಅದು ಡಿವಿಡಿ. ಯಾರೋ ಟೇಪಿಂದ ಹಾಕಿಸಿದ್ದು, ಅದಕ್ಕೇ ಇಂಟರ್‌ಲೇಸ್ ಆಗಿತ್ತು, ಅಂದ್ರೆ ಸೆಕೆಂಡಿಗೆ 25 ಫ್ರೇಮ್ ಅಂತ ಹೇಳಿದ್ರೂ ಒಂದೊಂದು ಫ್ರೇಮಲ್ಲೂ ಎರಡು ಬೇರೆ ಕ್ಷಣದ ಅರ್ಧರ್ಧ ಗೆರೆಗಳು ಸೇರ್ಕೊಂಡಿರುತ್ತೆ, ಕುಣಿಯೋವಾಗ ಕೈಕಾಲಿನ ಅಂಚೆಲ್ಲ ಬಾಚಣಿಗೆ ಹಲ್ಲಿನ ಥರ ಕಾಣ್ಸುತ್ತೆ. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಟೂಲಲ್ಲಿ ಈ ಗೆರೆಗಳನ್ನ ಬಿಡಿಸೋ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಹಾಕಿ 50 ಫ್ರೇಮ್ ಮಾಡ್ದೆ, ಕುಣಿತದ ಓಟ ಹಂಗೇ ಉಳೀತು, ಅದನ್ನೇ 25ಕ್ಕೆ ಇಳಿಸಿದ್ರೆ ಹೆಜ್ಜೆ ತುಂಡುತುಂಡಾಗಿ ಕಾಣುತ್ತೆ, ಎರಡೂ ಪಕ್ಕಪಕ್ಕ ಹಾಕಿ ನೋಡಿದೀನಿ. ದೊಡ್ಡದು ಮಾಡೋಕೆ, ಬಣ್ಣ ತಿದ್ದೋಕೆ ಹೋಗ್ಲಿಲ್ಲ. ಡಿಸ್ಕಿಂದ ತೆಗೆದ ಮೂಲ ಫೈಲನ್ನ ಬೇರೆ ಇಟ್ಕೊಂಡಿದೀನಿ, ದಯವಿಟ್ಟು ಯಾರೂ ಮೂಲ ಅಳಿಸ್ಬೇಡಿ, ಮುಂದೆ ಇನ್ನೂ ಒಳ್ಳೆ ಟೂಲ್ ಬರುತ್ತೆ.

ಈಗ ಮೆಷೀನು. ಮನೇಲಿ ಒಂದು ಹಳೇ ಡೆಸ್ಕ್‌ಟಾಪ್ ಇತ್ತು, ಪ್ಲಗ್ಗಿಗೆ ಹಾಕೋ ವ್ಯಾಟ್ ಮೀಟರಲ್ಲಿ ನೋಡಿದ್ರೆ ಸುಮ್ನೆ ಆನ್ ಇದ್ರೂ 65 ವ್ಯಾಟ್. ಅಂದ್ರೆ ತಿಂಗಳಿಗೆ 47 ಯುನಿಟ್ ಹತ್ರ, ಅದು ಬೇಡ್ವೇ ಬೇಡ, ಗೃಹಜ್ಯೋತಿಲಿ ಮನೆಮನೆಗೆ ಹಳೇ ಸರಾಸರಿ ನೋಡಿ ಮಿತಿ ಹಾಕಿರೋದ್ರಿಂದ ಅಪ್ಪ ಬಿಲ್ಲು ಬಂದ ತಕ್ಷಣ ಯುನಿಟ್ಟನ್ನೇ ನೋಡೋದು. ಬಿಲ್ಲಿಗಿಂತ ಹೆಚ್ಚಾಗಿ ನನ್ನ ಚಿಂತೆ ಇನ್ವರ್ಟರ್ ಬ್ಯಾಟರೀದು. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ನೋಡ್ದೆ, ಆದ್ರೆ ಪೈ 5ರಲ್ಲಿ ವಿಡಿಯೋನ ಹೆಚ್ಚಿನ ಟಿವಿಗಳಿಗೆ ಅರ್ಥ ಆಗೋ ಎಚ್.264 ರೂಪಕ್ಕೆ ಬದಲಾಯ್ಸೋ, ಅಂದ್ರೆ ಎನ್‌ಕೋಡ್ ಮಾಡೋ ಹಾರ್ಡ್‌ವೇರೇ ಇಲ್ಲ, ಟಿವಿಗೆ ಅರ್ಥ ಆಗದ ಫೈಲ್ ಬಂದ್ರೆ ಪ್ರೊಸೆಸರೇ ಒದ್ದಾಡ್ಬೇಕು. ಕೊನೆಗೆ ಆಫೀಸುಗಳಿಂದ ಹೊರಗೆ ಬರೋ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಗೊಂಡೆ, ಇಂಟೆಲ್ ಐ5-7500ಟಿ, 8 ಜಿಬಿ ರ್‍ಯಾಮ್. ಒಂದು ಮಾತು ನೆನಪಿಟ್ಕೊಳ್ಳಿ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು 6ನೇ ಜನರೇಷನ್ ಬಿಟ್ಟು 7ನೇದು ತಗೊಳ್ಳಿ, 6ರಲ್ಲಿ ಎಚ್‌ಇವಿಸಿ ಅನ್ನೋ ಹೊಸ ಬಗೆಯ ವಿಡಿಯೋಲಿ 8 ಬಿಟ್ಟಿಂದು ಮಾತ್ರ ಹಾರ್ಡ್‌ವೇರಲ್ಲಿ ಪೂರ್ತಿ ಡಿಕೋಡ್ ಆಗುತ್ತೆ, ಅಂದ್ರೆ ಬಿಡಿಸಿ ಓದೋಕಾಗುತ್ತೆ, 7ರಿಂದ 10 ಬಿಟ್ಟೂ ಆಗುತ್ತೆ, ಬೆಲೇಲಿ ಹೆಚ್ಚು ವ್ಯತ್ಯಾಸ ಇರಲ್ಲ. ಹೊಸದೇ ಬೇಕು ಅನ್ನೋರಿಗೆ ಇಂಟೆಲ್ ಎನ್100 ಪ್ರೊಸೆಸರ್ ಇರೋ ಡಬ್ಬಿಗಳು ಸಿಗ್ತವೆ, ಅವೂ ಚೆನ್ನಾಗಿವೆ. ನನ್ನದು ಸುಮ್ನಿದ್ದಾಗ 10 ವ್ಯಾಟ್, ತಿಂಗಳಿಗೆ 7 ಯುನಿಟ್ ಚಿಲ್ರೆ.

ಸಾಫ್ಟ್‌ವೇರು ಡೆಬಿಯನ್ 12 ಅನ್ನೋ ಲಿನಕ್ಸು, ಅದರ ಮೇಲೆ ಜೆಲ್ಲಿಫಿನ್, ಅಂದ್ರೆ ನಮ್ಮ ಹತ್ರ ಇರೋ ವಿಡಿಯೋನ ಟಿವಿಗೆ ಫೋನಿಗೆ ಕಳ್ಸೋ ಸಾಫ್ಟ್‌ವೇರು. 2018ರ ಕೊನೇಲಿ ಎಂಬಿ ಅನ್ನೋ ಪ್ರಾಜೆಕ್ಟು ತನ್ನ ಕೋಡ್ ಮುಚ್ಚಿದಾಗ ಅಲ್ಲಿಂದ ಕವಲೊಡೆದು ಬಂದದ್ದು ಇದು, ದುಡ್ಡಿಲ್ಲ, ಅಕೌಂಟ್ ಬೇಡ, ಹೊರಗಿನ ಯಾವ ಸರ್ವರಿಗೂ ಲಾಗಿನ್ ಆಗೋದು ಬೇಡ. ನಮ್ಮ ಕಡೆ ಮರ ಬಿದ್ದು ಫೈಬರ್ ತುಂಡಾದ್ರೆ ವಾರಗಟ್ಟಲೆ ನೆಟ್ ಇರಲ್ಲ, ಆಗ್ಲೂ ಮನೆಯೊಳಗೆ ಟಿವಿಗೆ ವಿಡಿಯೋ ಬರ್ಬೇಕು ಅಂದ್ರೆ ಇದೇ ಸರಿ. ಹಾರ್ಡ್‌ವೇರ್ ಎನ್‌ಕೋಡಿಂಗ್‌ಗೆ ಜೆಲ್ಲಿಫಿನ್ ಯೂಸರನ್ನ ಗ್ರಾಫಿಕ್ಸ್ ಚಿಪ್ ಬಳಸೋಕೆ ಅನುಮತಿ ಇರೋ ರೆಂಡರ್ ಗ್ರೂಪಿಗೆ ಸೇರಿಸ್ಬೇಕು, ಅಷ್ಟು ಬಿಟ್ರೆ ಎಲ್ಲ ಬ್ರೌಸರಲ್ಲೇ ಆಗುತ್ತೆ. ಆದ್ರೆ ನಿಜವಾದ ಉಳಿತಾಯ ಇರೋದು ಎನ್‌ಕೋಡಿಂಗೇ ಆಗದ ಹಾಗೆ ನೋಡ್ಕೊಳ್ಳೋದ್ರಲ್ಲಿ. ಫೈಲು ಎಚ್.264 ವಿಡಿಯೋ, ಎಎಸಿ ಆಡಿಯೋ, ಎಂಪಿ4 ಅಂತ ಇದ್ರೆ ಹೆಚ್ಚುಕಮ್ಮಿ ಎಲ್ಲ ಟಿವಿ ಎಲ್ಲ ಫೋನೂ ಇದ್ದಂಗೇ ಆಡಿಸುತ್ತೆ, ಸರ್ವರಿಗೆ ಫೈಲನ್ನ ಎತ್ತಿ ಕೊಡೋದಷ್ಟೇ ಕೆಲಸ, 12 ವ್ಯಾಟ್ ದಾಟಲ್ಲ. ಆಮೇಲೆ ಮನೆ ವಿಡಿಯೋಗಳನ್ನ ಹಾಕೋ ಲೈಬ್ರರಿ ಸಿನಿಮಾ ಅಂತ ಕೊಡ್ಬೇಡಿ, ಹೋಮ್ ವಿಡಿಯೋ ಅಂತ್ಲೇ ಇದೆ, ಅದನ್ನ ಆರಿಸಿ, ಇಲ್ದಿದ್ರೆ ಹೆಸರು ನೋಡಿ ನೆಟ್‌ನಿಂದ ಯಾವುದೋ ಸಿನಿಮಾ ಪೋಸ್ಟರ್ ತಂದು ನಿಮ್ಮನೆ ಮದುವೆಗೆ ಅಂಟಿಸುತ್ತೆ.

ಇಲ್ಲೀತನಕ ಸಲೀಸು. ಮುಂದಿನದೆಲ್ಲ ಕರೆಂಟಿನ ಕಥೆ.

ಏಪ್ರಿಲಲ್ಲಿ ಕಾಫಿ ಹೂ ಬಿಡಿಸೋ ಹೂಮಳೆ ಜೊತೆ ಗುಡುಗು ಸಿಡಿಲು ಶುರುವಾಯ್ತು. ತಾಮ್ರದ ಟೆಲಿಫೋನ್ ತಂತಿ ಕಾಲದಲ್ಲಿ ಸಿಡಿಲಿಗೆ ನಮ್ಮನೇಲಿ ಮೂರು ಮೋಡೆಮ್ ಹೋಗಿದ್ವು. ಫೈಬರಲ್ಲಿ ಒಳಗಿರೋದು ಗಾಜು, ಅದ್ರಲ್ಲಿ ಕರೆಂಟ್ ಹರಿಯಲ್ಲ, ಆದ್ರೆ ಕಂಬದಿಂದ ಮನೆಗೆ ಎಳೆಯೋ ಕೇಬಲಿಗೆ ಆಧಾರಕ್ಕೆ ಉಕ್ಕಿನ ತಂತಿ ಇರುತ್ತೆ, ಅದನ್ನ ಹೊರಗಿನ ಕೊಕ್ಕೆಗೇ ಕಟ್ಟಿ ಕತ್ತರಿಸಿಬಿಡ್ಬೇಕು, ನಮ್ಮನೇದು ನೇರ ರೂಟರ್ ಪಕ್ಕಕ್ಕೇ ಬಂದಿತ್ತು, ಕತ್ತರಿಸ್ದೆ. ಸಿಡಿಲು ಒಳಗೆ ಬರೋಕೆ ಇನ್ನೊಂದು ದಾರಿ ಹೆಂಚಿನ ಮೇಲಿರೋ ಡಿಶ್ಶು, ಡಿಶ್ಶಿಂದ ಸೆಟ್ ಟಾಪ್ ಬಾಕ್ಸು, ಅಲ್ಲಿಂದ ಟಿವಿ, ಟಿವಿಯಿಂದ ಲ್ಯಾನ್ ಕೇಬಲಲ್ಲಿ ಸರ್ವರು. ಹಾಗಾಗಿ ಟಿವಿಗೆ ಲ್ಯಾನ್ ಕೇಬಲ್ ತೆಗೆದು ವೈಫೈನೇ ಇಟ್ಟೆ, ವೇಗಕ್ಕೆ ಕೇಬಲ್ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ನಮ್ಮಂಥ ಊರಲ್ಲಿ ನಡುವೆ ತಂತಿ ಇಲ್ದಿರೋದೇ ಒಳ್ಳೇದು. ಮೈನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕ್ಸಿದೀವಿ, ಅದಕ್ಕೂ ಮೊದ್ಲು ಎಲೆಕ್ಟ್ರಿಷಿಯನ್ ಹತ್ರ ಅರ್ಥಿಂಗ್ ಗುಂಡಿ ಹೊಸದಾಗಿ ಮಾಡ್ಸಿದ್ವಿ, ಅರ್ಥಿಂಗ್ ಸರಿ ಇಲ್ದಿದ್ರೆ ಆ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೇ. ಎಷ್ಟೇ ಆದ್ರೂ ಸಿಡಿಲು ಹತ್ರ ಬಂದ್ರೆ ಅಮ್ಮ ಎಲ್ಲ ಪ್ಲಗ್ಗೂ ಕೀಳ್ತಾರೆ, ಅದೇ ಸರಿ, ಬೇಡ ಅನ್ನಲ್ಲ. ಅವ್ರಿಗೆ ಒಂದು ಹೇಳ್ಕೊಟ್ಟೆ, ಮೊದ್ಲು ಪವರ್ ಬಟನ್ ಒಂದ್ಸಲ ಒತ್ತಿ ಬಿಡಮ್ಮ, ದೀಪ ಆರಿದ ಮೇಲೆ ಪ್ಲಗ್ಗು ಕೀಳು, ವಾಪಸ್ ಹಾಕಿದ್ರೆ ಅದೇ ಆನ್ ಆಗುತ್ತೆ ಅಂತ. ಹಾಗಾಗೋಕೆ ಬಯೋಸಲ್ಲಿ, ಅಂದ್ರೆ ಮೆಷೀನ್ ಆನ್ ಆದ ತಕ್ಷಣ ಮೊದ್ಲು ಓಡೋ ಪ್ರೋಗ್ರಾಮಲ್ಲಿ, ಕರೆಂಟ್ ಹೋಗಿ ಬಂದ್ರೆ ಏನು ಮಾಡ್ಬೇಕು ಅನ್ನೋ ಸೆಟ್ಟಿಂಗಿದೆ, ಅದನ್ನ ಪವರ್ ಆನ್ ಅಂತ ಇಡ್ಬೇಕು.

ಜೂನಲ್ಲಿ ಮೊದಲ ಪೆಟ್ಟು. ಕರೆಂಟು ಹೋಗಿ ಬಂತು, ಮೆಷೀನ್ ಆನ್ ಆಯ್ತು, ದೀಪ ಉರೀತಿದೆ, ಟಿವೀಲಿ ಮಾತ್ರ ಸರ್ವರ್ ಇಲ್ಲ ಅಂತ ಬರ್ತಿದೆ. ಮೈಸೂರಿಂದ ಬಂದು ಮಾನಿಟರ್ ಹಾಕಿ ನೋಡಿದ್ರೆ ಡೆಬಿಯನ್ನು ಎಮರ್ಜೆನ್ಸಿ ಮೋಡಲ್ಲಿ ನಿಂತು ಪಾಸ್‌ವರ್ಡ್ ಕೇಳ್ತಾ ಕೂತಿದೆ. ವಿಡಿಯೋ ಎಲ್ಲ ಇರೋದು ಯುಎಸ್‌ಬಿ ಹಾರ್ಡ್ ಡಿಸ್ಕಲ್ಲಿ, ಆ ಸಲ ಡಿಸ್ಕು ಎದ್ದೇಳೋದು ತಡ ಆಗಿದೆ, ಯಾವ ಡಿಸ್ಕು ಎಲ್ಲಿ ಕೂರ್ಬೇಕು ಅಂತ ಬರೆದಿರೋ ಎಫ್‌ಎಸ್‌ಟ್ಯಾಬ್ ಫೈಲಲ್ಲಿ ಡಿಸ್ಕಿನ ಸಾಲಿಗೆ ನೋಫೇಲ್ (ಸಿಗದಿದ್ರೂ ಮುಂದೆ ಹೋಗು) ಅಂತ ಹಾಕಿರ್ಲಿಲ್ಲ, ಹಾಗಾಗಿ ಅದಿಲ್ದೇ ಮುಂದೆ ಹೋಗಲ್ಲ ಅಂತ ಸಿಸ್ಟಮ್ಮೇ ನಿಂತ್ಬಿಟ್ಟಿದೆ. ನೋಫೇಲ್ ಜೊತೆಗೆ, ಬೇಕಾದಾಗ ಡಿಸ್ಕನ್ನ ತಾನೇ ಜೋಡಿಸ್ಕೊಳ್ಳೋ ಸಿಸ್ಟಮ್‌ಡಿಯ ಆಟೋಮೌಂಟನ್ನೂ ಸೇರಿಸ್ದೆ, ಈಗ ಡಿಸ್ಕು ಎರಡು ನಿಮಿಷ ತಡವಾಗಿ ಬಂದ್ರೂ ಯಾರಾದ್ರೂ ಫೋಲ್ಡರ್ ತೆಗೆದಾಗ ಅದಾಗೇ ಕೂತ್ಕೊಳ್ಳುತ್ತೆ. ಒಂದು ಪದಕ್ಕೋಸ್ಕರ ಮೈಸೂರಿಂದ ಮಳೇಲಿ ಬಂದಿದ್ದು, ಅದಕ್ಕೇ ಇಷ್ಟು ಬಿಡಿಸಿ ಬರೀತಿರೋದು.

ಜುಲೈ ಎರಡನೇ ವಾರ ಗಾಳಿ ಮಳೆಗೆ ಮೂರು ದಿನ ಕರೆಂಟಿಲ್ಲ. ನಮ್ಮ ಇನ್ವರ್ಟರ್ ಬ್ಯಾಟರಿ 150 ಎಎಚ್, 12 ವೋಲ್ಟು, ಲೆಕ್ಕಕ್ಕೆ 1800 ವ್ಯಾಟ್ ಅವರ್ ಅಂದ್ರೂ ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಹೋದ್ರೆ ಬ್ಯಾಟರಿ ಆಯಸ್ಸು ಕಮ್ಮಿಯಾಗುತ್ತೆ. ಸರ್ವರ್, ಡಿಸ್ಕು, ರೂಟರ್, ಫೈಬರ್ ಡಬ್ಬಿ ಎಲ್ಲ ಸೇರಿ 25 ವ್ಯಾಟ್, ದಿನಕ್ಕೆ 600, ಮನೆ ಲೈಟಿಗೆ ಏನುಳೀತು? ಎರಡನೇ ದಿನಕ್ಕೇ ಇನ್ವರ್ಟರ್ ಕೂಗಿ ಆಫ್ ಆಯ್ತು, ಅಪ್ಪ ಅಮ್ಮ ಕ್ಯಾಂಡಲಲ್ಲಿ ಊಟ ಮಾಡಿದ್ರು, ನನಗೆ ಗೊತ್ತಾಗಿದ್ದು ಆಮೇಲೆ. ತುಂಬಾ ಬೇಜಾರಾಯ್ತು. ಕರೆಂಟ್ ಬಂದ ಮೇಲೆ ಫ್ರಿಜ್ಜು ಟಿವಿ ಎಲ್ಲ ಬಂತು, ಸರ್ವರ್ ಮಾತ್ರ ಏಳ್ಲೇ ಇಲ್ಲ.

ಈ ಸಲ ಕಾರಣ ಹುಡುಕೋಕೆ ಹೊತ್ತಾಯ್ತು. ಬಯೋಸಿಗೆ ಹೋಗಿ ನೋಡಿದ್ರೆ ತಾರೀಕು ಎಷ್ಟೋ ವರ್ಷ ಹಿಂದೆ, ಸೆಟ್ಟಿಂಗೆಲ್ಲ ಮೊದಲಿನ ಹಾಗೆ, ಪವರ್ ಆನ್ ಅಂತ ಇಟ್ಟಿದ್ದೂ ಹೋಗಿದೆ. ಒಳಗಿರೋ ಬಟನ್ ಸೆಲ್ಲು, ಸಿಆರ್2032, ಹಳೇದಾಗಿ ಸತ್ತಿತ್ತು. ಅಡಾಪ್ಟರಿಗೆ ಕರೆಂಟಿದ್ದಾಗ ಬೋರ್ಡು ಅದರಿಂದ್ಲೇ ಗಡಿಯಾರ ನಡೆಸ್ಕೊಳ್ಳುತ್ತೆ, ಹಂಗಾಗಿ ಸೆಲ್ಲು ಸತ್ತಿರೋದು ತಿಂಗಳುಗಟ್ಟಲೆ ಗೊತ್ತಾಗಲ್ಲ, ಪೂರ್ತಿ ಕರೆಂಟ್ ಹೋಗಿ ಗಂಟೆಗಟ್ಟಲೆ ಆದ ಮೇಲೇ ಗೊತ್ತಾಗೋದು, ಅಂದ್ರೆ ನಮಗೆ ಅದು ಬೇಕಿರೋ ಹೊತ್ತಲ್ಲೇ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಂದ ದಿನಾನೇ ಹೊಸ ಸೆಲ್ ಹಾಕ್ಬಿಡಿ, ಒಂದು ಟೀ ಕುಡಿಯೋ ಹೊತ್ತಿನ ಕೆಲಸ.

ಸೆಲ್ಲು ಬದಲಾಯ್ಸಿದ್ರೆ ಅರ್ಧ ಸಮಸ್ಯೆ ಹೋಯ್ತು, ಬ್ಯಾಟರಿ ತಿನ್ನೋದು ಉಳೀತು. ನಮ್ಮ ಇನ್ವರ್ಟರಿಗೆ ಯುಎಸ್‌ಬಿ ಇಲ್ಲ, ಕರೆಂಟ್ ಹೋಗಿದೆ ಅಂತ ಸರ್ವರಿಗೆ ಹೇಳೋರು ಯಾರು? ಅದಕ್ಕೆ ಇನ್ವರ್ಟರಿಗೆ ಸೇರದ ಎರಡು ಪಾಯಿಂಟಲ್ಲಿ, ಒಂದು ಹಜಾರದಲ್ಲಿ, ಇನ್ನೊಂದು ಕಣದ ಹತ್ರ ಗೋಡೌನಲ್ಲಿ, ಎರಡು ಹಳೇ ವೈಫೈ ರಿಪೀಟರ್ ಹಾಕ್ದೆ. ಸರ್ವರು ಐದು ನಿಮಿಷಕ್ಕೊಮ್ಮೆ ಎರಡಕ್ಕೂ ಪಿಂಗ್ ಮಾಡುತ್ತೆ, ಅಂದ್ರೆ ಇದೀಯಾ ಅಂತ ನೆಟ್‌ವರ್ಕಲ್ಲಿ ಕೇಳುತ್ತೆ, ಎರಡೂ ಉತ್ತರ ಕೊಡ್ಲಿಲ್ಲ ಅಂದ್ರೆ ಮೇನ್ ಕರೆಂಟ್ ಇಲ್ಲ ಅಂತ ಅರ್ಥ, ಒಂದೇ ರಿಪೀಟರ್ ಇಟ್ರೆ ಅದೇ ಕೆಟ್ಟೋದಾಗ ತಪ್ಪು ತಿಳ್ಕೊಳ್ಳುತ್ತೆ ಅಂತ ಎರಡು. ಸತತ ಒಂದು ಗಂಟೆ ಉತ್ತರ ಇಲ್ಲ, ಯಾರೂ ಏನೂ ನೋಡ್ತಾನೂ ಇಲ್ಲ ಅಂದ್ರೆ ತಾನೇ ನೀಟಾಗಿ ಆಫ್ ಆಗುತ್ತೆ. ಯಾರಾದ್ರೂ ನೋಡ್ತಿದಾರಾ ಅನ್ನೋದನ್ನ ಜೆಲ್ಲಿಫಿನ್ನನ್ನೇ ಕೇಳ್ಬಹುದು, ಅದಕ್ಕೆ ಎಪಿಐ, ಅಂದ್ರೆ ಬೇರೆ ಪ್ರೋಗ್ರಾಮು ಕೇಳಿ ತಿಳ್ಕೊಳ್ಳೋ ದಾರಿ, ಇದೆ.

ಇಲ್ಲೊಂದು ಗುಂಡಿ ಇದೆ, ನಾನು ಬೀಳೋ ಮೊದ್ಲೇ ಕಾಣ್ತು. ಸರ್ವರ್ ತಾನಾಗೇ ಆಫ್ ಆಯ್ತು, ಇನ್ವರ್ಟರಲ್ಲಿ ಇನ್ನೂ ಚಾರ್ಜಿದೆ, ಅಷ್ಟರಲ್ಲಿ ಕರೆಂಟ್ ಬಂತು ಅಂತಿಟ್ಕೊಳ್ಳಿ. ಸರ್ವರಿನ ಅಡಾಪ್ಟರಿಗೆ ಕರೆಂಟು ಹೋಗೇ ಇಲ್ವಲ್ಲ, ಬಂದಿದ್ದು ಅದಕ್ಕೆ ಹೆಂಗೆ ಗೊತ್ತಾಗ್ಬೇಕು, ಬಯೋಸಿನ ಪವರ್ ಆನ್ ಸೆಟ್ಟಿಂಗು ಕೆಲಸ ಮಾಡಲ್ಲ, ಯಾರಾದ್ರೂ ಬಟನ್ ಒತ್ತೋ ತನಕ ಮಲಗೇ ಇರುತ್ತೆ. ಇದಕ್ಕೆ ಆರ್‌ಟಿಸಿವೇಕ್ ಅನ್ನೋ ಕಮಾಂಡು, ಡೆಬಿಯನ್ನಲ್ಲಿ ಮೊದಲೇ ಇರುತ್ತೆ, ಆಫ್ ಆಗೋ ಮುಂಚೆ ಗಡಿಯಾರಕ್ಕೆ ಅಲಾರಂ ಇಟ್ಟು ಮಲಗುತ್ತೆ. ಮಲಗಿ ಮೂರು ಗಂಟೆ ಆದ್ಮೇಲೆ ಏಳೋ ಹಾಗೆ ಇಟ್ಟಿದೀನಿ. ಎದ್ದು ಹದಿನೈದು ನಿಮಿಷ ನೋಡುತ್ತೆ, ಕರೆಂಟ್ ಬಂದಿದ್ರೆ ಎದ್ದೇ ಇರುತ್ತೆ, ಇಲ್ದಿದ್ರೆ ಮತ್ತೆ ಮೂರು ಗಂಟೆ ಮಲಗುತ್ತೆ. ಆ ನಡುವೆ ಅಮ್ಮನಿಗೆ ಏನಾದ್ರೂ ನೋಡ್ಬೇಕು ಅನ್ಸಿದ್ರೆ ಬಟನ್ ಒತ್ತಿ ಹದಿನೈದು ನಿಮಿಷದೊಳಗೆ ವಿಡಿಯೋ ಹಾಕಿದ್ರಾಯ್ತು, ಮುಗಿಯೋ ತನಕ ಆಫ್ ಆಗಲ್ಲ. ಅಷ್ಟರಲ್ಲಿ ಇನ್ವರ್ಟರೇ ಸತ್ರೂ ತೊಂದ್ರೆ ಇಲ್ಲ, ಆಗ ಬಯೋಸ್ ಸೆಟ್ಟಿಂಗು ಎಬ್ಬಿಸುತ್ತೆ. ಬಯೋಸಲ್ಲಿ ಡೀಪ್ ಸ್ಲೀಪ್ ಅಥವಾ ಇಆರ್‌ಪಿ ಅಂತ ಒಂದು ಉಳಿತಾಯದ ಆಯ್ಕೆ ಇರುತ್ತೆ, ಅದನ್ನ ಆಫ್ ಮಾಡ್ಬೇಕು, ಇಲ್ದಿದ್ರೆ ಅಲಾರಂ ಹೊಡೆಯಲ್ಲ, ನನಗೆ ಒಂದು ಸಂಜೆ ಪೂರ್ತಿ ಇದ್ರಲ್ಲೇ ಹೋಯ್ತು.

ಆಗಸ್ಟಲ್ಲಿ ಎರಡು ದಿನ ಕರೆಂಟ್ ಹೋದಾಗ ಇದರ ಪರೀಕ್ಷೆ ಆಯ್ತು. ಲಾಗ್ ನೋಡ್ದೆ, ಹದಿನಾಲ್ಕು ಸಲ ಎದ್ದು ಮಲಗಿದೆ, ಹದಿನೈದನೇ ಸಲ ಎದ್ದಾಗ ಕರೆಂಟಿತ್ತು. ಇನ್ವರ್ಟರಲ್ಲಿ ಲೈಟು ಕೊನೇ ತನಕ ಉರೀತು ಅಂತ ಅಪ್ಪ ಹೇಳಿದ್ರು. ಅಮ್ಮ ಫೋನ್ ಮಾಡ್ಲಿಲ್ಲ.

ಇನ್ನು ತೇವ. ಮೆಷೀನ್ ಸದಾ ಸ್ವಲ್ಪ ಬೆಚ್ಚಗಿರೋದ್ರಿಂದ ಅದರೊಳಗೆ ಬೂಷ್ಟು ಹಿಡಿದಿಲ್ಲ, ಬಿಚ್ಚಿ ನೋಡ್ದೆ, ಒಣಗೇ ಇದೆ. ಅಡುಗೆಮನೆ ಅಟ್ಟದ ಮೇಲೆ ಬೆಚ್ಚಗಿರುತ್ತೆ ಅಲ್ಲಿಡು ಅಂತ ಅಪ್ಪ ಹೇಳಿದ್ರು, ಸೌದೆ ಒಲೆ ಹೊಗೆಯ ಮಸಿ ಫ್ಯಾನಿಗೆ ಹೋಗುತ್ತೆ ಅಂತ ಬೇಡ ಅಂದೆ, ಹಜಾರದ ಗೋಡೆಗೆ ನೆಲದಿಂದ ಎತ್ತರಕ್ಕೆ ಮರದ ಹಲಗೆ ಹಾಕಿ ಇಟ್ಟಿದೀನಿ. ತೊಂದ್ರೆ ಕೊಟ್ಟಿದ್ದು ಇರುವೆ. ಮಳೆಗಾಲದಲ್ಲಿ ಬೆಚ್ಚಗಿರೋ ಜಾಗ ಹುಡುಕಿ ಮೊಟ್ಟೆ ಸಮೇತ ಹಾರ್ಡ್ ಡಿಸ್ಕಿನ ಡಬ್ಬಿಯೊಳಗೆ ಸೇರ್ಕೊಂಡಿದ್ವು, ಗಾಳಿ ಹೋಗೋ ಕಿಂಡಿಗೆಲ್ಲ ಸ್ಟೀಲಿನ ಸೊಳ್ಳೆ ಜಾಲರಿ ಅಂಟಿಸ್ದೆ, ತಿಂಗಳಿಗೊಮ್ಮೆ ಬ್ರಷ್ಷಲ್ಲಿ ಧೂಳು ತೆಗೀಬೇಕು, ಅದೊಂದು ಅಮ್ಮ ಮಾಡ್ತಾರೆ.

ಸೆಕ್ಯೂರಿಟಿ ಅಪ್‌ಡೇಟ್ ತಾನಾಗೇ ಆಗೋ ಹಾಗೆ ಇಟ್ಟಿದೀನಿ, ಜೆಲ್ಲಿಫಿನ್ ಅಪ್‌ಡೇಟ್ ಮಾತ್ರ ಊರಿಗೆ ಬಂದಾಗ ನಾನೇ ಮಾಡೋದು. ಮೈಸೂರಿಂದ ನೋಡ್ಕೊಳ್ಳೋಕೆ ಟೇಲ್‌ಸ್ಕೇಲ್ ಅನ್ನೋ ಖಾಸಗಿ ನೆಟ್‌ವರ್ಕ್ ಟೂಲ್, ರೂಟರಲ್ಲಿ ಹೊರಗಿನವ್ರು ಒಳಗೆ ಬರೋಕಾಗೋ ಯಾವ ಪೋರ್ಟೂ ತೆಗೆದಿಲ್ಲ, ತೆಗೀಬೇಡಿ. ಎರಡನೇ ಕಾಪಿ ಇನ್ನೊಂದು ಡಿಸ್ಕಲ್ಲಿ ಅಕ್ಕನ ಮನೇಲಿ ಕುಶಾಲನಗರದಲ್ಲಿದೆ. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದು ಮನೆಗೆ ಮನೆಯೇ ಹೋದದ್ದನ್ನ ನೋಡಿದ ನಾವು ಎಲ್ಲವನ್ನೂ ಒಂದೇ ಸೂರಿನಡಿ ಇಡೋಕಾಗಲ್ಲ.

ಈಗ ಮಾಡ್ತಿರೋ ಕೆಲಸ ಸಬ್‌ಟೈಟಲ್ಲು. ಸುಗ್ಗಿ ವಿಡಿಯೋ ನೋಡ್ತಾ ಅಮ್ಮ ಇದು ಯಾರು ಅದು ಯಾರು ಅಂತ ಹೇಳ್ತಾ ಹೋದ್ರು, ಹಾಗೇ ಒಂದೊಂದು ಹೆಸರನ್ನೂ ಅದು ಬರೋ ಹೊತ್ತಿನ ಜೊತೆ ಎಸ್‌ಆರ್‌ಟಿ ಫೈಲಲ್ಲಿ ಕನ್ನಡದಲ್ಲೇ ಟೈಪ್ ಮಾಡ್ದೆ. ಕನ್ನಡ ಅಕ್ಷರ ಸರಿಯಾಗಿ ಉಳಿಯೋ ಯುಟಿಎಫ್-8ರಲ್ಲಿ ಸೇವ್ ಮಾಡಿ, ವಿಡಿಯೋ ಹೆಸರೇ ಕೊಟ್ಟು ಕೊನೇಲಿ .kn.srt ಅಂತ ಸೇರಿಸಿದ್ರೆ ಜೆಲ್ಲಿಫಿನ್ ತಾನೇ ಕನ್ನಡ ಅಂತ ಗುರುತಿಸುತ್ತೆ, ಅಕ್ಷರದ ಸಬ್‌ಟೈಟಲ್ ಆದ್ರಿಂದ ಸರ್ವರಿಗೆ ಎನ್‌ಕೋಡಿಂಗ್ ಹೊರೆನೂ ಬೀಳಲ್ಲ. ಅಜ್ಜ ಕುಣಿಯೋ ನಾಲ್ಕು ನಿಮಿಷದಲ್ಲಿ ಇಪ್ಪತ್ತೊಂದು ಜನ ಕಾಣ್ತಾರೆ, ಹದಿನೆಂಟು ಹೆಸರು ಸಿಕ್ಕಿದೆ. ಅಜ್ಜನ ಬಲಕ್ಕೆ ಕೋಲು ಹಿಡಿದಿರೋರು, ಹಿಂದೆ ನಿಂತಿರೋ ಇಬ್ರು ಹೆಂಗಸ್ರು ಯಾರು ಅಂತ ಅಮ್ಮನಿಗೂ ಗೊತ್ತಾಗ್ಲಿಲ್ಲ, ಅಪ್ಪನಿಗೂ ಗೊತ್ತಾಗ್ಲಿಲ್ಲ. ಮೂವರ ಮುಖ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಕೊಟ್ಟಿದೀನಿ, ಈ ವರ್ಷದ ಸುಗ್ಗಿಗೆ ಊರ ಹಿರಿಯರಿಗೆ ತೋರ್ಸಿ ಕೇಳ್ತೀನಿ ಅಂದಿದಾರೆ ಅಪ್ಪ.